ಅಶ್ವಗಂಧ ಬಿತ್ತೋ ಮುಂಚೆ ‘ಅಂಶ’ದ ಲೆಕ್ಕ ಕೇಳಿ

‘ಅಶ್ವಗಂಧ ಬೆಳೆಯಿರಿ, ಬೀಜ ನಾವೇ ಕೊಡ್ತೀವಿ, ಬೇರು ನಾವೇ ವಾಪಸ್ ಕೊಳ್ತೀವಿ’ ಅನ್ನೋ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರಬಹುದು. ಬೆಳೆಯ ಬಗ್ಗೆ ನನ್ನ ತಕರಾರಿಲ್ಲ. ನೀರು ನಿಲ್ಲದ ಕೆಂಪು ಮಣ್ಣಲ್ಲಿ ಮಳೆಯಾಶ್ರಯದಲ್ಲೇ ಬರುತ್ತೆ, ಐದಾರು ತಿಂಗಳಿಗೆ ಕೈಗೆ ಸಿಗುತ್ತೆ. ತಕರಾರಿರೋದು ಒಪ್ಪಂದದ ಕಾಗದದ ಬಗ್ಗೆ. ಮೇಲೆ ಕೆಜಿಗೆ ಇಷ್ಟು ಅಂತ ದಪ್ಪ ಅಕ್ಷರದಲ್ಲಿರುತ್ತೆ, ಕೆಳಗೆ ‘ಗುಣಮಟ್ಟಕ್ಕೆ ಒಳಪಟ್ಟು’ ಅಂತ ಸಣ್ಣದಾಗಿ. ಯಾವ ಗುಣಮಟ್ಟ, ಯಾರು ಅಳೀತಾರೆ? ಅದು ಇರಲ್ಲ. ಬೇರು ಕಿತ್ತು, ಒಣಗಿಸಿ, ಚೀಲ ತುಂಬಿದ ಮೇಲೆ ‘ಅಂಶ ಕಡಿಮೆ ಬಂದಿದೆ’ ಅಂತ ರೇಟು ಇಳಿಸಿದರೆ ಏನಂತ ವಾದ ಮಾಡ್ತೀರಿ?

ಆ ‘ಅಂಶ’ದ ಹೆಸರು ವಿಥನೊಲೈಡ್. ಸ್ಟೀರಾಯ್ಡ್ ರಚನೆಯ ರಾಸಾಯನಿಕಗಳ ಒಂದು ಗುಂಪು ಇದು. ಇಂಥವನ್ನು ಗಿಡಗಳು ಮಾಡಿಕೊಳ್ಳೋದು ಮುಖ್ಯವಾಗಿ ಕೀಟ, ರೋಗಗಳಿಂದ ತಮ್ಮನ್ನು ಕಾಪಾಡ್ಕೊಳ್ಳೋಕೆ. ನಮಗೆ ಔಷಧಿ ಆಗಿದ್ದು ಆಮೇಲಿನ ಮಾತು. ಪ್ರಮಾಣ ತೀರಾ ಕಡಿಮೆ. ಒಣ ಬೇರಲ್ಲಿ ಶೇ 0.3ರಷ್ಟಿದೆ ಅಂದ್ಕೊಳ್ಳಿ, 100 ಕೆಜಿಗೆ ಬರೀ 300 ಗ್ರಾಂ. ಸಾರ ತೆಗೆಯೋ ಕಂಪನಿಯ ಕಣ್ಣಿರೋದು ಆ 300 ಗ್ರಾಂ ಮೇಲೆ.

ಆದರೆ ಮಂಡಿಯ ಲೆಕ್ಕವೇ ಬೇರೆ. ಅಶ್ವಗಂಧಕ್ಕೆ ಹೆಸರಾದ ಮಧ್ಯಪ್ರದೇಶದ ನೀಮಚ್ ಕಡೆ ಬೇರಿನ ಉದ್ದ, ದಪ್ಪ, ಮುರಿದಾಗ ಒಳಗಿನ ಬಿಳುಪು ನೋಡಿ ದರ್ಜೆ ಮಾಡ್ತಾರೆ. ಆ ಬಿಳುಪು ಪಿಷ್ಟ ತುಂಬಿದ ಗುರುತು. ವಿಥನೊಲೈಡ್ ಕಣ್ಣಿಗೆ ಕಾಣೋದಲ್ಲ, ಎಚ್‌ಪಿಎಲ್‌ಸಿ ಯಂತ್ರದಲ್ಲೇ ಅಳೀಬೇಕು. ಹಾಗಾಗಿ ಮಂಡಿಗೋ, ಸಾರದ ಕಂಪನಿಗೋ ಅನ್ನೋದನ್ನ ಬಿತ್ತೋ ಮುಂಚೆ ತೀರ್ಮಾನ ಮಾಡಿ. ತಳಿ ಆರಿಸೋದೂ ಅದರ ಮೇಲೇ. ಬೆಂಗಳೂರಿನ ಸೀಮ್ಯಾಪ್ ಕೇಂದ್ರದವರನ್ನೋ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರನ್ನೋ ಕೇಳಿ ತಗೊಂಡ ಬೀಜ, ಹೆಸರಿಲ್ಲದ ಪ್ಯಾಕೆಟ್‌ಗಿಂತ ಎಷ್ಟೋ ಮೇಲು.

ಎಲೆಯ ವಿಷಯ ಸ್ವಲ್ಪ ಸೂಕ್ಷ್ಮ. ಎಲೆಯಲ್ಲಿ ವಿಥಫೆರಿನ್-ಎ ಅನ್ನೋದು ಬೇರಿಗಿಂತ ಹೆಚ್ಚು. ಅದೂ ವಿಥನೊಲೈಡ್ ಗುಂಪಿನದ್ದೇ. ಬೇರಿನ ಪುಡಿಗೆ ಎಲೆ ಸೇರಿಸಿ ಒಟ್ಟು ಅಂಶ ಏರಿಸೋ ಆಟ ಇದರಿಂದಲೇ ಶುರುವಾಗೋದು. 2021ರಲ್ಲಿ ಆಯುಷ್ ಸಚಿವಾಲಯ ಎಲೆ ಬಳಸಬೇಡಿ ಅಂತ ತಯಾರಕರಿಗೆ ಸೂಚನೆ ಕೊಟ್ಟಿತು. 2023ರಲ್ಲಿ ಡೆನ್ಮಾರ್ಕ್ ಅಶ್ವಗಂಧವನ್ನೇ ನಿಷೇಧಿಸಿತು. ಹೊರದೇಶದ ಬಾಗಿಲು ಹೀಗೆ ಮುಚ್ಚಿದಾಗ ಪೆಟ್ಟು ಕೊನೆಗೆ ಬೀಳೋದು ಹೊಲಕ್ಕೆ. ಯಾರಾದ್ರೂ ‘ಎಲೆನೂ ಒಣಗಿಸಿ ಕೊಡಿ, ಒಂದೆರಡು ರೂಪಾಯಿ ಜಾಸ್ತಿ ಸಿಗುತ್ತೆ’ ಅಂದ್ರೆ ಯಾತಕ್ಕೆ ಅಂತ ಕೇಳಿ.

ಬೇಸಾಯದಲ್ಲಿ ಒಂದೇ ಮಾತು: ಯೂರಿಯಾ, ನೀರು ಸುರಿದು ಸೊಪ್ಪು ಬೆಳೆಸಬೇಡಿ. ನೀರು ನಿಂತರೆ ಬೇರು ಕೊಳೆಯುತ್ತೆ. ಎಲೆ ಒಣಗಿ ಹಣ್ಣು ಕೆಂಪಗಾಗೋವರೆಗೂ ಕಾಯಿರಿ. ರೇಟು ಏರಿದೆ ಅಂತ ಮೊದಲೇ ಕಿತ್ತರೆ ತೂಕದಲ್ಲೇ ಸೋಲ್ತೀರಿ.

ಇನ್ನು ಒಪ್ಪಂದ. ಕನಿಷ್ಠ ಶೇಕಡಾ ಎಷ್ಟು, ಯಾವ ಲ್ಯಾಬು, ಪರೀಕ್ಷೆಯ ಖರ್ಚು ಯಾರದ್ದು, ಅಂಶ ಕಡಿಮೆ ಬಂದ್ರೆ ಎಷ್ಟು ಕಡಿತ, ಜಾಸ್ತಿ ಬಂದ್ರೆ ಎಷ್ಟು ಹೆಚ್ಚುವರಿ, ಇಷ್ಟೂ ಬರವಣಿಗೆಯಲ್ಲಿರಲಿ. ಕೊನೆಯದನ್ನ ಬೇಕಂತಲೇ ಸೇರಿಸಿದ್ದೀನಿ. ಕಡಿತ ಮಾತ್ರ ಇದ್ದು ಹೆಚ್ಚುವರಿ ಇಲ್ಲದ ಕಾಗದಕ್ಕೆ ಸಹಿ ಹಾಕಬೇಡಿ. ಒಪ್ಪಲಿಲ್ಲ ಅಂದ್ರೆ ಈ ವರ್ಷ ಅರ್ಧ ಎಕರೆ ಸಾಕು, ಉಳಿದದ್ದಕ್ಕೆ ನಿಮ್ಮ ರಾಗಿ, ಹುರುಳಿ ಇದ್ದೇ ಇದೆ.

ಮಾಲು ಕೊಡೋ ದಿನ ಎಲ್ಲಾ ಚೀಲಗಳಿಂದ ಹಿಡಿ ಹಿಡಿ ತೆಗೆದು ಕಲಸಿ, ಮೂರು ಪೊಟ್ಟಣ ಮಾಡಿ. ಒಂದು ಅವರಿಗೆ, ಒಂದು ಲ್ಯಾಬಿಗೆ, ಒಂದು ನಿಮ್ಮನೇಲಿ. ಮೂರಕ್ಕೂ ಇಬ್ಬರ ಸಹಿ, ತಾರೀಕು ಹಾಕಿ, ಅವರೆದುರೇ ಮೊಬೈಲಲ್ಲಿ ಫೋಟೋ ತೆಗೀರಿ.