ಮೆಟ್ಟಿಲ ಕೆಳಗೆ ಉಳಿದ ಹಕ್ಕು
ಹಳೆಯ ಸಾರ್ವಜನಿಕ ಕಟ್ಟಡಗಳನ್ನು ವಿಕಲಚೇತನರಿಗೆ ಸುಗಮಗೊಳಿಸಲು 2016ರ ಕಾಯ್ದೆಯು, ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳ ಗಡುವು ನೀಡಿತ್ತು. ನಿಯಮಗಳು 2017ರಲ್ಲಿ ಬಂದವು. ಗಡುವು 2022ರಲ್ಲಿ ಮುಗಿಯಿತು. ಎಷ್ಟೋ ಕಚೇರಿಗಳ ಮೆಟ್ಟಿಲುಗಳು ಹಾಗೆಯೇ ಇವೆ. ಕಾಯ್ದೆ ಕಡ್ಡಾಯಗೊಳಿಸಿದ್ದನ್ನು 15ನೇ ನಿಯಮವು ಬರಿಯ ಸಲಹೆಯಾಗಿಸಿದೆಯೆಂದು 2024ರ ನವೆಂಬರ್‌ನಲ್ಲಿ ಸುಪ್ರೀಮ್ ಕೋರ್ಟೇ ಹೇಳಬೇಕಾಯಿತು.

ಸರಕಾರವನ್ನು ದೂರುವುದು ಸುಲಭ. ಆದರೆ ಇದೇ ಕಾಯ್ದೆಯ 'ಸಾರ್ವಜನಿಕ ಕಟ್ಟಡ'ದ ವ್ಯಾಖ್ಯೆಯಲ್ಲಿ ಧಾರ್ಮಿಕ, ಶೈಕ್ಷಣಿಕ ಕಟ್ಟಡಗಳೂ ಸೇರಿವೆ. ಚಂದಾ ಎತ್ತಿ ಮಸೀದಿಗೆ ಅಮೃತಶಿಲೆ ಹಾಸುವ ನಾವು, ಒಂದು ರ‍್ಯಾಂಪ್‌ಗೆ ಜಾಗವಿಲ್ಲವೆನ್ನುತ್ತೇವೆ! ದೃಷ್ಟಿಯಿಲ್ಲದ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರವರು ಪ್ರವಾದಿ(ಸ)ಯವರ ಮಸೀದಿಯಲ್ಲಿ ಅಝಾನ್ ಕೊಡುತ್ತಿದ್ದರು. ನಮ್ಮ ಮಸೀದಿಯಲ್ಲಿ ವುಝೂ ಮಾಡುವ ಸ್ಥಳಕ್ಕೆ ಗಾಲಿಕುರ್ಚಿಯೊಂದು ತಲುಪಬಲ್ಲುದೇ? ಮುಂದಿನ ಜಮಾಅತ್ ಸಭೆಯಲ್ಲಿ ಸುಣ್ಣಬಣ್ಣದ ಲೆಕ್ಕಕ್ಕಿಂತ ಮೊದಲು ಈ ಪ್ರಶ್ನೆ ಚರ್ಚೆಯಾಗಲಿ.