ರಜೆ ಕೊಡಲು ರೋಗದ ಹೆಸರೇಕೆ ಬೇಕು?

ಹರಿಯಾಣದ ರೋಹ್ತಕ್‌ನ ಮಹರ್ಷಿ ದಯಾನಂದ ವಿಶ್ವವಿದ್ಯಾಲಯಕ್ಕೆ 2025ರ ಅಕ್ಟೋಬರ್ 26ರಂದು ರಾಜ್ಯಪಾಲರು ಬರುವವರಿದ್ದರು. ಅಂಗಳ ಗುಡಿಸಲು ಬಂದ ಹೆಣ್ಣುಮಕ್ಕಳಲ್ಲಿ ಕೆಲವರು, ಮುಟ್ಟಾಗಿದ್ದೇವೆ, ಇವತ್ತು ಕೈ ಬೇಗ ಸಾಗುತ್ತಿಲ್ಲ ಎಂದರು. ಮೇಲ್ವಿಚಾರಕರು ಅದಕ್ಕೆ ಪುರಾವೆ ಕೇಳಿದರು, ಪ್ಯಾಡಿನ ಫೋಟೊ ತೋರಿಸಲು ಹೇಳಿದರು ಎಂಬುದು ಆ ಹೆಣ್ಣುಮಕ್ಕಳ ದೂರು. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನವೆಂಬರ್ ಕೊನೆಯಲ್ಲಿ ಅದನ್ನು ಕೈಗೆತ್ತಿಕೊಂಡ ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿಗೆ ತಮ್ಮ ರಾಜ್ಯ ನೆನಪಾಯಿತು. ಕರ್ನಾಟಕ ಈಗ ಮುಟ್ಟಿನ ರಜೆ ಕೊಡುತ್ತಿದೆ, ಅಲ್ಲಿಯೂ ರಜೆಗೆ ಪುರಾವೆ ಕೇಳಿಬಿಟ್ಟರೆ ಹೇಗೆ ಎಂಬ ಆತಂಕವನ್ನು ಅವರು ತೆರೆದ ನ್ಯಾಯಾಲಯದಲ್ಲೇ ಹೇಳಿದರು.

ಆ ಆತಂಕಕ್ಕೆ ನಮ್ಮ ಸರ್ಕಾರದ ಆದೇಶದಲ್ಲೇ ಉತ್ತರವಿದೆ. ತಿಂಗಳಿಗೆ 1 ದಿನದಂತೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆ. ವೈದ್ಯಕೀಯ ಪ್ರಮಾಣಪತ್ರ ಬೇಡ. ಈ ರಜೆಯ ಸುತ್ತ ಎದ್ದ ಗದ್ದಲವೇನು ಸಣ್ಣದಲ್ಲ. ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಡಿಸೆಂಬರ್ 9ರ ಬೆಳಗ್ಗೆ ಸಿಕ್ಕ ತಡೆಯಾಜ್ಞೆ ಅದೇ ದಿನ ಹಿಂದೆ ಹೋಯಿತು. ಖರ್ಚು ಯಾರದು, ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಹಿಂಜರಿಯುತ್ತಾರೆಯೆ ಎಂದೆಲ್ಲ ಚರ್ಚೆಯಾಯಿತು. ಆದರೆ ಇಡೀ ಆದೇಶದಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಪ್ರಮಾಣಪತ್ರ ಬೇಡ ಎಂಬ ಆ ಒಂದು ಸಾಲು. ಅದರ ಬಗ್ಗೆ ಮಾತೇ ಆಗಲಿಲ್ಲ. ದುಡಿಯುವವಳ ಮೈಯೊಳಗೆ ಏನು ನಡೆದಿದೆ ಎಂದು ದುಡಿಸಿಕೊಳ್ಳುವವನು ಕೇಳಬಾರದು ಎಂದು ಸರ್ಕಾರವೊಂದು ಬರೆದುಕೊಟ್ಟಿದೆ. ಮುಟ್ಟಿಗೆ ಒಪ್ಪಿದ ಈ ಮರ್ಯಾದೆ ಕ್ಷಯಕ್ಕೆ, ಮನಸ್ಸಿನ ಕಾಯಿಲೆಗೆ, ಗರ್ಭಪಾತಕ್ಕೆ, ಮೂಲವ್ಯಾಧಿಗೆ ಯಾಕಿಲ್ಲ?

ಬೆಳಗಾವಿ ಜಿಲ್ಲೆಯ ಮೇಲವಂಕಿಯಂಥ ಊರಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯ ಬಿಸಿ ಗೊತ್ತಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ನೌಕರಿಯೆಂದರೆ ಸಕ್ಕರೆ ಕಾರ್ಖಾನೆ, ನೂಲಿನ ಗಿರಣಿ, ಪತ್ತಿನ ಸಂಘ, ಖಾಸಗಿ ಶಾಲೆ, ಪಂಚಾಯಿತಿ ಕಚೇರಿ. ಜಡ್ಡಾದರೆ ತೋರಿಸಿಕೊಳ್ಳಲು ಹೋಗುವ ದವಾಖಾನೆಗಳೂ ಅವೇ ನಾಲ್ಕಾರು. ಡಾಕ್ಟರು, ಸಂಘದ ಕಾರ್ಯದರ್ಶಿ, ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, ಔಷಧ ಅಂಗಡಿಯವರು ಒಬ್ಬರಿಗೊಬ್ಬರು ಗುರುತಿನವರು, ಎಷ್ಟೋ ಸಲ ಬೀಗರು. ಇಲ್ಲಿ ಯಾರ ಕಾಗದಪತ್ರವನ್ನೂ ಕದಿಯಬೇಕಾಗಿಲ್ಲ. ಒಂದು ಫೋನು ಸಾಕು. "ಡಾಕ್ಟರ್ರ, ನಮ್ಮ ಹುಡುಗ ನಿಮ್ಮ ಹತ್ರ ಬಂದಿದ್ನಂತಲ್ಲ, ಖರೇನ ಏನಾಗೇತ್ರಿ ಅವಗ?" ಕೇಳಿದವರಿಗೆ ಅದು ಕಾಳಜಿ, ಹೇಳಿದವರಿಗೆ ಸ್ನೇಹ. ಹಾಸಿಗೆ ಹಿಡಿದವನನ್ನು ಮಾತ್ರ ಯಾರೂ ಕೇಳಿಲ್ಲ. ಅವನು ವಾರ ಬಿಟ್ಟು ಕೆಲಸಕ್ಕೆ ಬರುವ ಹೊತ್ತಿಗೆ ಪಕ್ಕದ ಕುರ್ಚಿ ದೂರ ಸರಿದಿರುತ್ತದೆ, ಚಹಾದ ಲೋಟ ಬೇರೆಯಾಗಿರುತ್ತದೆ. ಮನೆಯಲ್ಲಿ ಲಗ್ನಕ್ಕೆ ಬಂದ ಮಗಳಿದ್ದರೆ ಸುದ್ದಿ ಬೀಗರ ಊರಿಗೂ ತಲುಪಿರುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಗುಟ್ಟು ರಟ್ಟಾದರೆ ಇನ್ನೊಂದು ಕಂಪನಿ ಹುಡುಕಬಹುದು. ಇಲ್ಲಿ ಇನ್ನೊಂದು ಊರನ್ನೇ ಹುಡುಕಬೇಕು.

ಆ ಫೋನು ತಪ್ಪೆಂದು ಹೇಳುವ ನಿಯಮ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಗಳು ರೋಗಿಯ ಗುಟ್ಟನ್ನು ಬಿಟ್ಟುಕೊಡಬಾರದು ಎನ್ನುತ್ತವೆ. ನ್ಯಾಯಾಲಯ ಕೇಳಿದಾಗ, ಬೇರೊಬ್ಬರ ಜೀವಕ್ಕೆ ಗಂಭೀರ ಅಪಾಯವಿದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಿದ್ದಾಗ ಮಾತ್ರ ಬಾಯಿ ಬಿಡಬಹುದು. ಕಾರ್ಖಾನೆಯ ಮ್ಯಾನೇಜರು ಈ ಮೂರರಲ್ಲಿ ಎಲ್ಲಿಯೂ ಇಲ್ಲ. ಆದರೆ ಅದೇ ನಿಯಮಗಳ ಹಿಂದಿನ ಪುಟಗಳಲ್ಲಿ ರಜೆಯ ಪ್ರಮಾಣಪತ್ರದ ಮಾದರಿ ನಮೂನೆ ಒಂದಿದೆ. ಇಂಥವರು ಇಂಥ ಕಾಯಿಲೆಯಿಂದ ಬಳಲುತ್ತಿದ್ದಾರೆ ಎಂದು ಬರೆಯಲು ಅದರಲ್ಲಿ ಖಾಲಿ ಜಾಗ ಬಿಟ್ಟಿದ್ದಾರೆ. ಗುಟ್ಟು ಕಾಯಿರಿ ಎಂದು ಒಂದು ಪುಟದಲ್ಲಿ ಹೇಳಿ, ಆ ಗುಟ್ಟನ್ನು ಚೀಟಿಯಲ್ಲಿ ಬರೆದು ರೋಗಿಯ ಕೈಯಿಂದಲೇ ಮಾಲೀಕನಿಗೆ ತಲುಪಿಸುವ ಏರ್ಪಾಡು ಇನ್ನೊಂದು ಪುಟದಲ್ಲಿ. ನಮ್ಮ ಕಡೆಯ ಕಚೇರಿಗಳಲ್ಲಿ ಆ ಚೀಟಿ ಹಾಜರಿ ಪುಸ್ತಕದ ಗುಮಾಸ್ತರಿಂದ ಹಿಡಿದು ಮೇಲಧಿಕಾರಿಯ ಮೇಜಿನವರೆಗೆ ತೆರೆದ ಫೈಲಿನಲ್ಲೇ ಪ್ರಯಾಣ ಮಾಡುತ್ತದೆ. ವೈದ್ಯಕೀಯ ವೆಚ್ಚದ ಮರುಪಾವತಿ ಕೇಳುವ ಮೇಷ್ಟ್ರ ಕಥೆಯಂತೂ ಇನ್ನೂ ಕಷ್ಟ. ಬಿಡುಗಡೆ ಪತ್ರ, ಪರೀಕ್ಷೆಯ ವರದಿ, ಔಷಧದ ಚೀಟಿ ಎಲ್ಲವೂ ಅರ್ಜಿಯ ಬೆನ್ನಿಗೇ ಹೋಗಬೇಕು.

ಮಾಲೀಕನ ಕೈಗೆ ಇಂಥ ಕಾಗದ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ದಾಖಲೆಯಲ್ಲೇ ಸಾಕ್ಷಿಯಿದೆ. ನೀರಾ ಮಾಥುರ್ ಪ್ರಕರಣ ಎಂದೇ ಅದು ಪ್ರಸಿದ್ಧ. 1989ರಲ್ಲಿ ಜೀವ ವಿಮಾ ನಿಗಮ ಸೇರಿದ ಹೆಣ್ಣುಮಗಳು ಕೆಲವೇ ತಿಂಗಳಲ್ಲಿ ಹೆರಿಗೆ ರಜೆ ಹಾಕಿದರು. ಕೆಲಸಕ್ಕೆ ಸೇರುವಾಗ ತುಂಬಿದ ಫಾರಂನಲ್ಲಿ ಮುಟ್ಟು ಸರಿಯಾಗಿ ಆಗುತ್ತದೆಯೆ, ಕೊನೆಯ ಮುಟ್ಟು ಎಂದು ಆಯಿತು, ಈಗ ಬಸುರಿಯೆ, ಗರ್ಭಪಾತ ಆಗಿದೆಯೆ ಎಂಬ ಪ್ರಶ್ನೆಗಳಿದ್ದವು. ಆಕೆ ಅಲ್ಲಿ ಬರೆದ ತಾರೀಖಿಗೂ ನರ್ಸಿಂಗ್ ಹೋಮಿನ ವೈದ್ಯರು ಬರೆದುಕೊಂಡ ತಾರೀಖಿಗೂ ತಾಳೆಯಾಗಲಿಲ್ಲ. ಸುಳ್ಳು ಹೇಳಿದ್ದಾಳೆಂದು, ಆಕೆ ಬಾಣಂತನದ ರಜೆಯಲ್ಲಿರುವಾಗಲೇ, 1990ರ ಫೆಬ್ರುವರಿಯಲ್ಲಿ ಕೆಲಸದಿಂದ ತೆಗೆದರು. ಕೂಸಿಗೆ ಆಗ ಸುಮಾರು ಒಂದು ತಿಂಗಳು. 1991ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಅದನ್ನು ಬರೆದವರು ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಇಂಥ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದು ತರುವಂಥವು ಎಂದು ಹೇಳಿ, ಆಕೆಗೆ ಕೆಲಸ ಮರಳಿ ಕೊಡಿಸಿದರು, ಆ ಕಲಮುಗಳನ್ನು ಫಾರಂನಿಂದ ಕಿತ್ತುಹಾಕಲು ನಿಗಮಕ್ಕೆ ತಿಳಿಸಿದರು. ಮೂರು ದಶಕ ಕಳೆದು ರೋಹ್ತಕ್‌ನಲ್ಲಿ ಫಾರಂ ಹೋಗಿ ಫೋಟೊ ಬಂದಿದೆ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ತೀರ್ಪಿಗೆ ಕಾರಣರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರೂ ನಮ್ಮ ಹೈಕೋರ್ಟಿನಿಂದಲೇ ನಿವೃತ್ತರಾದವರು. 2021ರ ಜನವರಿಯಲ್ಲಿ ಕೋವಿಡ್ ಕಾಲದ ಆರೋಗ್ಯ ಸೇತು ಆ್ಯಪ್‌ನ ಮಾಹಿತಿಯನ್ನು ಬಳಕೆದಾರರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹಂಚಬಾರದೆಂದು ಕೇಂದ್ರ ಸರ್ಕಾರಕ್ಕೆ ಮಧ್ಯಂತರ ಆದೇಶ ಕೊಟ್ಟಿದ್ದೂ ಕರ್ನಾಟಕ ಹೈಕೋರ್ಟೇ. ಅದಕ್ಕೂ ಮೊದಲು, 2020ರ ಮೇ ತಿಂಗಳಲ್ಲಿ, ಎಲ್ಲ ನೌಕರರ ಫೋನಿನಲ್ಲೂ ಆ ಆ್ಯಪ್ ಇರುವಂತೆ ನೋಡಿಕೊಳ್ಳುವ ಹೊಣೆಯನ್ನು ಕೇಂದ್ರ ಸರ್ಕಾರ ಹೊರಿಸಿದ್ದು ಸಂಸ್ಥೆಗಳ ಮುಖ್ಯಸ್ಥರ ಮೇಲೆ. ನೌಕರನ ಮೈಗೆ ಮಾಲೀಕನೇ ಕಾವಲುಗಾರ ಎಂಬ ಭಾವನೆ ಸರ್ಕಾರಗಳಲ್ಲಿ ಅಷ್ಟು ಆಳಕ್ಕೆ ಇಳಿದಿದೆ.

ಈ ಭಾವನೆಗೆ ಹೊಸ ಕಾನೂನು ಇನ್ನಷ್ಟು ಬಲ ಕೊಟ್ಟಿದೆ ಎಂಬುದೇ ನನ್ನ ದೊಡ್ಡ ತಕರಾರು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಒಪ್ಪಿಗೆ ಕೇಳದೆಯೇ ಮಾಹಿತಿ ಬಳಸಬಹುದಾದ ಸಂದರ್ಭಗಳನ್ನು ಹೇಳುತ್ತದೆ. ಅದರಲ್ಲಿ ಉದ್ಯೋಗವೂ ಒಂದು. ಉದ್ಯೋಗದ ಉದ್ದೇಶಕ್ಕಾಗಿ, ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ, ಅಥವಾ ನೌಕರ ತಾನೇ ಕೇಳಿದ ಸೌಲಭ್ಯಕ್ಕಾಗಿ ಮಾಹಿತಿ ಬಳಸಬಹುದು. ಕಾಯಿಲೆ ರಜೆ ನೌಕರ ಕೇಳುವ ಸೌಲಭ್ಯವಲ್ಲದೆ ಮತ್ತೇನು? ಸುಳ್ಳು ರಜೆ ಮಾಲೀಕನಿಗೆ ನಷ್ಟವೆಂದು ವಾದಿಸುವ ವಕೀಲರಿಗೆ ಬರವೆ? ಹಿಂದೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳಲ್ಲಿ ವೈದ್ಯಕೀಯ ದಾಖಲೆ, ದೇಹ ಮತ್ತು ಮನಸ್ಸಿನ ಆರೋಗ್ಯ ಸ್ಥಿತಿ ಸೂಕ್ಷ್ಮ ಮಾಹಿತಿಯೆಂಬ ಬೇರೆ ಸಾಲಿನಲ್ಲಿದ್ದವು. ಹೊಸ ಕಾಯ್ದೆಯಲ್ಲಿ ಆ ಸಾಲೇ ಇಲ್ಲ. ಅದರ ಲೆಕ್ಕದಲ್ಲಿ ನಿಮ್ಮ ಫೋನ್ ನಂಬರೂ ನಿಮ್ಮ ಎಚ್‌ಐವಿ ವರದಿಯೂ ಒಂದೇ. ಸುರಕ್ಷತೆ ಪಾಲಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಉಂಟು. ಆ ಹಣ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಮಾನ ಕಳೆದುಕೊಂಡವನಿಗೆ ಪರಿಹಾರ ಕೊಡಿಸುತ್ತಿದ್ದ ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ನನ್ನು ತೆಗೆದುಹಾಕಲು ಇದೇ ಕಾಯ್ದೆ ದಾರಿ ಮಾಡಿದೆ. ಎಚ್‌ಐವಿ ಪೀಡಿತರಿಗೆ 2017ರ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇದೆ, ಮನೋರೋಗಿಗಳಿಗೆ ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಇದೆ. ಉಳಿದ ಜಡ್ಡಿನವರು ಎಲ್ಲಿಗೆ ಹೋಗಬೇಕು?

ಮಾಲೀಕರ ಮಾತನ್ನೂ ಕೇಳೋಣ. ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಯ್ಲರ್ ಮುಂದೆ ನಿಲ್ಲಬೇಕಾದವನು ಬರದಿದ್ದರೆ ಪಾಳಿಯೇ ನಿಲ್ಲುತ್ತದೆ. ದುಡ್ಡು ಕೊಟ್ಟರೆ ಸರ್ಟಿಫಿಕೇಟು ಬರೆದುಕೊಡುವ ಡಾಕ್ಟರುಗಳು ಇದ್ದಾರೆ. ಜಾತ್ರೆಗೆ, ಲಗ್ನಕ್ಕೆ ಕಾಯಿಲೆ ರಜೆ ಹಾಕುವವರೂ ಇದ್ದಾರೆ. ಇದೆಲ್ಲ ನಿಜ, ಮುಚ್ಚಿಡುವುದೇನಿಲ್ಲ. ಆದರೆ ರೋಗದ ಹೆಸರು ಬರೆಸಿಕೊಂಡ ಮಾತ್ರಕ್ಕೆ ಸುಳ್ಳು ಸರ್ಟಿಫಿಕೇಟು ನಿಲ್ಲುವುದಿಲ್ಲ. ಸುಳ್ಳು ಬರೆಯುವವನು ವಿಷಮಜ್ವರ ಎಂದು ಬರೆಯಬಲ್ಲ. ಆ ಖಾಲಿ ಜಾಗದಲ್ಲಿ ಸಿಕ್ಕಿಬೀಳುವವನು ನಿಜವಾಗಿ ರೋಗವಿರುವವನು.

ಇದಕ್ಕೆ ದಾರಿ ಹುಡುಕಲು ದೂರ ಹೋಗಬೇಕಿಲ್ಲ. 1948ರಷ್ಟು ಹಿಂದೆಯೇ ನಮ್ಮ ದೇಶ ಅದನ್ನು ಕಂಡುಕೊಂಡಿತ್ತು. ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ, ಇವತ್ತು ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಕಾರ್ಮಿಕರಿಗೆ ಅನ್ವಯಿಸುತ್ತದೆ. ಜಡ್ಡಾದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಕೊಡುತ್ತದೆ. ಕ್ಷಯದಂಥ 34 ದೀರ್ಘ ರೋಗಗಳಿಗೆ ಅದಕ್ಕೂ ಹೆಚ್ಚು. ಇಲ್ಲಿ ಕಾಯಿಲೆಯ ಮಾತು ನಡೆಯುವುದು ಕಾರ್ಮಿಕ, ಇಎಸ್‌ಐ ವೈದ್ಯರು ಮತ್ತು ನಿಗಮದ ನಡುವೆ. ಮಾಲೀಕನಿಂದ ನಿಗಮ ಕೇಳುವುದು ಒಂದೇ: ಈ ದಿನಗಳಲ್ಲಿ ಇವನು ಕೆಲಸಕ್ಕೆ ಬಂದಿದ್ದನೆ, ಇಲ್ಲವೆ? ಅನುಮಾನ ಬಂದರೆ ನಿಗಮದ ಮೆಡಿಕಲ್ ರೆಫರಿ ಎಂಬ ಬೇರೆ ವೈದ್ಯರು ಪರೀಕ್ಷಿಸುತ್ತಾರೆ. ಜಡ್ಡಿನ ರಜೆಯಲ್ಲಿರುವವನನ್ನು ಕೆಲಸದಿಂದ ತೆಗೆಯಬಾರದು, ಶಿಕ್ಷಿಸಬಾರದು ಎಂದು 1948ರ ಆ ಕಾಯ್ದೆಯ 73ನೇ ಸೆಕ್ಷನ್ ಕಟ್ಟುಹಾಕಿತ್ತು. ಜಡ್ಡು ನಿಜವೆ ಎಂದು ನೋಡುವ ಕೆಲಸ ಒಬ್ಬರದು, ಸಂಬಳ ಕೊಡುವ ಕೆಲಸ ಇನ್ನೊಬ್ಬರದು. ಇಷ್ಟನ್ನು ಪತ್ತಿನ ಸಂಘಕ್ಕೂ ಖಾಸಗಿ ಶಾಲೆಗೂ ಸರ್ಕಾರಿ ಕಚೇರಿಗೂ ವಿಸ್ತರಿಸಲು ಅಡ್ಡಿಯೇನು?

ಜರ್ಮನಿಯಲ್ಲಿ ಮಾಲೀಕನಿಗೆ ಹೋಗುವ ರಜೆಯ ಚೀಟಿಯಲ್ಲಿ ರೋಗದ ಹೆಸರೇ ಇರುವುದಿಲ್ಲ. ಅಲ್ಲಿಯೂ ಎಚ್ ಆ್ಯಂಡ್ ಎಂ ಎಂಬ ಬಟ್ಟೆ ಕಂಪನಿ ಬೇರೆ ದಾರಿ ಹಿಡಿಯಿತು. ನ್ಯೂರೆಂಬರ್ಗ್‌ನ ಅದರ ಕೇಂದ್ರದಲ್ಲಿ ರಜೆ ಮುಗಿಸಿ ಬಂದವರನ್ನು ಮೇಲಧಿಕಾರಿಗಳು ಸ್ವಾಗತದ ಮಾತುಕತೆಗೆಂದು ಕೂರಿಸಿಕೊಂಡು, ಏನಾಗಿತ್ತು, ಡಾಕ್ಟರು ಏನಂದರು ಎಂದು ಕೇಳಿ, ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದರು. 2019ರ ಅಕ್ಟೋಬರ್‌ನಲ್ಲಿ ತಾಂತ್ರಿಕ ದೋಷದಿಂದ ಆ ಕಡತಗಳು ಕೆಲವು ಗಂಟೆ ಕಂಪನಿಗೆಲ್ಲ ತೆರೆದುಕೊಂಡಾಗ ಗುಟ್ಟು ಹೊರಬಿತ್ತು. ಮರುವರ್ಷ ಹ್ಯಾಂಬರ್ಗ್‌ನ ಡೇಟಾ ರಕ್ಷಣಾ ಆಯುಕ್ತರು 3.53 ಕೋಟಿ ಯೂರೊ ದಂಡ ಹಾಕಿದರು. ಇದೇ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದ ಶ್ರೀರಂಗಪಟ್ಟಣದ ಕಾರ್ಖಾನೆ 2020ರಲ್ಲಿ ಬಾಗಿಲು ಹಾಕಿ, ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಹೆಣ್ಣುಮಕ್ಕಳು, ಬೀದಿಗೆ ಬಂದದ್ದನ್ನು ನಾವು ಕಂಡಿದ್ದೇವೆ. ಜರ್ಮನಿಯ ನೌಕರಳ ಕಾಯಿಲೆಗೆ ಇರುವ ಮರ್ಯಾದೆ ನಮ್ಮ ಹೊಲಿಗೆಯವಳ ಕಾಯಿಲೆಗೂ ಇರಬೇಕು.

ಆಸ್ಪತ್ರೆಯಲ್ಲೇ ದುಡಿಯುವ ನರ್ಸುಗಳ, ಆಯಾಗಳ ಪಾಡು ಎಲ್ಲರಿಗಿಂತ ಕಷ್ಟ. ಅವರ ಮಾಲೀಕನೇ ಅವರ ವೈದ್ಯ. ಫಿನ್ಲೆಂಡಿನಲ್ಲಿ ಎಚ್‌ಐವಿ ಇದ್ದ ಒಬ್ಬ ನರ್ಸ್ ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆದರು. ಸಹೋದ್ಯೋಗಿಗಳು ತಮ್ಮ ಕಡತ ನೋಡಿದ್ದಾರೆಂಬ ಅನುಮಾನ ಅವರಿಗೆ ಬಂತು. ಆದರೆ ಯಾರು ಯಾವಾಗ ನೋಡಿದರೆಂಬ ಪೂರ್ಣ ದಾಖಲೆಯನ್ನೇ ಆಸ್ಪತ್ರೆ ಇಟ್ಟಿರಲಿಲ್ಲ. ಅದೇ ತಪ್ಪು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರಲ್ಲಿ ಹೇಳಿತು. ಗುಟ್ಟು ಕಾಯ್ದೆನೆಂದು ಹೇಳಿದರೆ ಸಾಲದು, ಕಾಯ್ದದ್ದಕ್ಕೆ ಲೆಕ್ಕವೂ ಇರಬೇಕು. ಬೆಳಗಾವಿ ಜಿಲ್ಲೆಯ ಎಷ್ಟು ಆಸ್ಪತ್ರೆಗಳು ಈ ಲೆಕ್ಕ ಇಟ್ಟಿವೆ ಎಂದು ಆರೋಗ್ಯ ಇಲಾಖೆ ಒಮ್ಮೆ ಹೋಗಿ ನೋಡಬೇಕು.

ತಡಮಾಡುವ ಹೊತ್ತೂ ಇದಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಡಿ 40 ದಾಟಿದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ ಮಾಡಿಸಬೇಕು. ಒಳ್ಳೆಯದೇ. ನೂಲಿನ ಧೂಳು, ಕಬ್ಬಿನ ಸಿಪ್ಪೆಯ ಧೂಳು ಕುಡಿದ ಎದೆಗಳನ್ನು ಯಾರಾದರೂ ಪರೀಕ್ಷಿಸಲಿ. ಆದರೆ ವರದಿ ಯಾರ ಕಪಾಟಿಗೆ ಹೋಗುತ್ತದೆ? ಸಕ್ಕರೆ ಕಾಯಿಲೆ, ರಕ್ತದೊತ್ತಡ ಕಂಡುಬಂದ ಗುತ್ತಿಗೆ ಕಾರ್ಮಿಕನ ಗುತ್ತಿಗೆ ಮುಂದಿನ ಹಂಗಾಮಿಗೆ ಮುಂದುವರಿಯುತ್ತದೆಯೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲೇ ಹೇಳಿದೆ: ತಪಾಸಣೆಯಾದ ಮೇಲೆ ಮಾಲೀಕನಿಗೆ ಹೋಗಬೇಕಾದ್ದು ಈ ಕೆಲಸಕ್ಕೆ ಇವನು ತಕ್ಕವನೆ ಎಂಬ ತೀರ್ಮಾನ ಮಾತ್ರ, ವೈದ್ಯಕೀಯ ವಿವರವಲ್ಲ. ರಾಜ್ಯ ಸರ್ಕಾರ ತನ್ನ ನಿಯಮಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಬೇಕು, ವರದಿ ಕಾರ್ಮಿಕನ ಕೈಗೇ ಸಿಗಬೇಕು.

ಕರ್ನಾಟಕ ವೈದ್ಯಕೀಯ ಪರಿಷತ್ತು ರಾಜ್ಯದ ವೈದ್ಯರಿಗೆ ಒಂದು ಸುತ್ತೋಲೆ ಕಳಿಸಿ, ರಜೆಯ ಚೀಟಿಯಲ್ಲಿ ಎಷ್ಟು ದಿನ ವಿಶ್ರಾಂತಿ ಬೇಕು, ಮರಳಿದ ಮೇಲೆ ಯಾವ ಕೆಲಸ ಮಾಡಬಾರದು ಎಂಬುದನ್ನಷ್ಟೇ ಬರೆಯಿರಿ ಎನ್ನಬೇಕು. ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕನ ಫೋನಿಗೆ ಉತ್ತರ ಕೊಟ್ಟ ವೈದ್ಯರ ಮೇಲಿನ ದೂರನ್ನು ಸುಳ್ಳು ಸರ್ಟಿಫಿಕೇಟಿನ ದೂರಿನಷ್ಟೇ ಗಂಭೀರವಾಗಿ ವಿಚಾರಣೆ ಮಾಡಬೇಕು. ಅಲ್ಲಿಯವರೆಗೆ ಕಾಯಬೇಕೆಂದೂ ಇಲ್ಲ. ನಮ್ಮ ಭಾಗದ ಕಾರ್ಖಾನೆ, ಗಿರಣಿಗಳ ಕಾರ್ಮಿಕ ಸಂಘಗಳು ಆಡಳಿತದೊಂದಿಗೆ ವೇತನ ಒಪ್ಪಂದಕ್ಕೆ ಕೂರುವಾಗ ಬೋನಸ್ಸು, ತುಟ್ಟಿಭತ್ಯೆಯ ಜೊತೆ ಇನ್ನೊಂದು ಕಲಮು ಸೇರಿಸಲಿ: ರಜೆ ಕೇಳಿದವನಿಂದ ರೋಗದ ಹೆಸರು ಕೇಳುವಂತಿಲ್ಲ, ಅವನ ವೈದ್ಯರಿಗೆ ಆಡಳಿತದ ಕಡೆಯಿಂದ ಯಾರೂ ಫೋನು ಮಾಡುವಂತಿಲ್ಲ, ಅನುಮಾನವಿದ್ದರೆ ಎರಡೂ ಕಡೆಯವರು ಒಪ್ಪಿದ ವೈದ್ಯರಿಗೆ ಕಳಿಸಬೇಕು. ಈ ಕಲಮಿಗೆ ಮಾಲೀಕರು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ.