ತಪ್ಪು ಹಡೆದವಳದಲ್ಲ

“ನಿಮ್ಮ ಕಡೆ ಹೆಂಗಸರಿಗೆ ಹೆರೋದೇ ಕೆಲಸವೇನ್ರೀ?” ತರಬೇತಿಗೆ ಬಂದಿದ್ದ ದಕ್ಷಿಣದ ಶಿಕ್ಷಕಿಯೊಬ್ಬರು ಒಮ್ಮೆ ನಗುತ್ತ ಕೇಳಿದರು. ಬಾಣಂತಿಗೆ ತಿನ್ನಿಸುವ ಕರದಂಟಿನ ಊರು ಅಮೀನಗಡದವಳು ನಾನು. ಆ ನಗೆ ಚುಚ್ಚಿತು.

ಲೆಕ್ಕ ಸುಳ್ಳಲ್ಲ. 2001ರಿಂದ 2011ರೊಳಗೆ ಯಾದಗಿರಿ ಜಿಲ್ಲೆಯ ಜನ ಶೇ. 22ಕ್ಕೂ ಹೆಚ್ಚು ಬೆಳೆದರು, ಕೊಡಗಿನಲ್ಲಿ ಶೇ. 1ರಷ್ಟು, ಚಿಕ್ಕಮಗಳೂರಿನಲ್ಲಿ ತುಸು ಇಳಿದರು. ಆದರೆ ಬೆಂಗಳೂರು ನಗರ ಜಿಲ್ಲೆ ಶೇ. 46 ಮೀರಿ ಬೆಳೆಯಿತಲ್ಲ, ಅದನ್ನು ಯಾರೂ ಹಳಿಯಲಿಲ್ಲ! ಅಲ್ಲಿ ಬೆಳೆಸಿದ್ದು ಬರೀ ತೊಟ್ಟಿಲಲ್ಲ, ಊರು ಬಿಟ್ಟು ಗಂಟು ಕಟ್ಟಿ ಹೋದವರು. ಹುಟ್ಟಿನಲ್ಲಿ ಸಾವು ಕಳೆದು ಉಳಿಯುವ ಸಹಜ ಬೆಳವಣಿಗೆಗೆ ಮಾತ್ರ ನಮ್ಮ ಹೆಂಗಸರೇ ಹೊಣೆಯಂತೆ.

ಅದೇ ಗಣತಿಯ ಇನ್ನೊಂದು ಪುಟ ತಿರುವಿರಿ. ಅಕ್ಷರ ಬಲ್ಲ ಹೆಣ್ಣುಮಕ್ಕಳು ದಕ್ಷಿಣ ಕನ್ನಡದಲ್ಲಿ ಶೇ. 84, ನಮ್ಮ ಬಾಗಲಕೋಟೆಯಲ್ಲಿ ಶೇ. 58, ಯಾದಗಿರಿಯಲ್ಲಿ ಶೇ. 41. ಅಕ್ಷರ ಕೊಡದೆ ಕೂಸುಗಳ ಲೆಕ್ಕ ಕೇಳುವುದು ಯಾವ ನ್ಯಾಯ?

ನನ್ನದೂ ತಪ್ಪಿದೆ. ಒಂಬತ್ತನೆಯ ತರಗತಿಯ ಜಾಣ ಹುಡುಗಿಯೊಬ್ಬಳು ಬೇಸಿಗೆ ರಜೆ ಮುಗಿದರೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಗೆ ಗೀಟು ಎಳೆದು ಸುಮ್ಮನಾದೆ. ಕೆಲವು ವರ್ಷಗಳ ಮೇಲೆ ಸಂತೆಯಲ್ಲಿ ಸಿಕ್ಕಳು. ಕಂಕುಳಲ್ಲೊಂದು, ಸೆರಗು ಹಿಡಿದದ್ದೊಂದು, ಹೊಟ್ಟೆಯಲ್ಲೊಂದು. “ಸಾಕು ಮಾಡಬಾರದೇನವ್ವಾ?” ಅಂದೆ. “ಗಂಡು ಆಗೂತನಾ ಅತ್ತಿ ಬಿಡಂಗಿಲ್ಲರೀ ಅಕ್ಕೋರ” ಅಂದಳು.

ಹಡೆಯುವುದು ಅವಳು, ತೀರ್ಮಾನಿಸುವವರು ಬೇರೆಯವರು.

ಅಕ್ಕಂದಿರೇ, ಹಡೆದವಳನ್ನು ಹಳಿಯುವ ಮೊದಲು ಶಾಲೆ ಬಿಟ್ಟ ಹುಡುಗಿಯ ಮನೆಯ ಬಾಗಿಲು ಬಡಿಯೋಣ. ಅಂದು ನಾನು ಬಡಿಯಲಿಲ್ಲ.